ಬ್ಲಾಕ್ ಮಾಡಿದರೂ ಕಾಲ್ ಬರುತ್ತೆ, ಮಾಡದಿದ್ದರೂ ಬರಲ್ಲ: ಯಾಕೆ ಹೀಗೆ?

ಮೊಬೈಲ್ ಕಾಲ್‌ಗಳ ಬಗ್ಗೆ ಈಗ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಎರಡು ದೂರು ಕೇಳಿಬರುತ್ತವೆ. ಒಂದು, "ಎಷ್ಟು ನಂಬರ್ ಬ್ಲಾಕ್ ಮಾಡಿದರೂ ಲೋನ್ ಬೇಕಾ, ಸೈಟ್ ಬೇಕಾ ಅನ್ನೋ ಕಾಲ್ ನಿಲ್ಲುತ್ತಿಲ್ಲ." ಇನ್ನೊಂದು ಇದಕ್ಕೆ ತದ್ವಿರುದ್ಧ. "ನಾನು ಯಾರನ್ನೂ ಬ್ಲಾಕ್ ಮಾಡಿಲ್ಲ, ಆದರೂ ಅವರ ಕಾಲ್ ನನಗೆ ಬರೋದೇ ಇಲ್ಲ." ಕೊರಿಯರ್ ಹುಡುಗ ಗೇಟಿನ ತನಕ ಬಂದು, ನಾಲ್ಕು ಸಲ ಫೋನ್ ಹಚ್ಚಿ, ವಾಪಸ್ ಹೋಗಿರುತ್ತಾನೆ. ನಮ್ಮ ಫೋನ್ ಕೈಯಲ್ಲೇ ಇರುತ್ತದೆ, ಸದ್ದೇ ಮಾಡಿರುವುದಿಲ್ಲ.

ಎರಡಕ್ಕೂ ಮೂಲ ಒಂದೇ. ಬ್ಲಾಕ್ ಅನ್ನೋದು ಒಂದೇ ಜಾಗದಲ್ಲಿ ಇಲ್ಲ. ಫೋನಿನೊಳಗೆ ಒಂದು ಪಟ್ಟಿ ಇರುತ್ತದೆ. ವಾಟ್ಸಾಪ್‌ನದ್ದು ಬೇರೆ ಪಟ್ಟಿ. ಟ್ರೂಕಾಲರ್ ಥರದ ಆಪ್ ಇದ್ದರೆ ಅದರದ್ದು ಮತ್ತೊಂದು. ಸಿಮ್ ಕೊಟ್ಟ ಕಂಪನಿಯ ಹತ್ತಿರ, ಮಾರಾಟದ ಕಾಲ್ ಬೇಡ ಅಂತ ಬರೆಸುವ ಡಿಎನ್‌ಡಿ ಅನ್ನೋ ದಾಖಲೆ ಇನ್ನೊಂದು. ಒಂದರಲ್ಲಿ ಮಾಡಿದ್ದು ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. ಯಾವುದು ಏನನ್ನು ತಡೆಯುತ್ತದೆ ಅಂತ ತಿಳಿದರೆ ಅರ್ಧ ತಲೆನೋವು ಕಡಿಮೆ.

ಬ್ಲಾಕ್ ಮಾಡಿದಾಗ ಒಳಗೆ ಏನಾಗುತ್ತದೆ?

ನಂಬರ್ ಬ್ಲಾಕ್ ಮಾಡಿದರೆ ಆ ಕಾಲ್ ದಾರಿಯಲ್ಲೇ ಎಲ್ಲೋ ನಿಂತುಬಿಡುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕಾಲ್ ಟವರ್ ದಾಟಿ ನಮ್ಮ ಫೋನಿನ ತನಕ ಬಂದೇ ಬರುತ್ತದೆ. ಫೋನ್ ಆ ನಂಬರನ್ನು ತನ್ನ ಪಟ್ಟಿಯ ಜೊತೆ ಹೋಲಿಸಿ ನೋಡುತ್ತದೆ. ಪಟ್ಟಿಯಲ್ಲಿದ್ದರೆ ರಿಂಗ್ ಆಗುವ ಮೊದಲೇ ಸದ್ದಿಲ್ಲದೆ ಕಟ್ ಮಾಡುತ್ತದೆ. ಬಾಗಿಲ ಕಿಂಡಿಯಲ್ಲಿ ಇಣುಕಿ ನೋಡಿ, ಬೇಡದವರು ಅಂತ ಗೊತ್ತಾದ ಮೇಲೆ ಚಿಲಕ ತೆಗೆಯದೆ ಕೂರುತ್ತೇವಲ್ಲ, ಹಾಗೆ. ಬಂದವರನ್ನು ಬೀದಿಯಲ್ಲಿ ಯಾರೂ ತಡೆದಿರುವುದಿಲ್ಲ.

ಹಾಗಾಗಿ ಕರೆ ಮಾಡಿದವರಿಗೆ "ನಿಮ್ಮನ್ನು ಬ್ಲಾಕ್ ಮಾಡಿದ್ದಾರೆ" ಅನ್ನೋ ಸಂದೇಶ ಹೋಗುವುದಿಲ್ಲ. ಸಾಮಾನ್ಯವಾಗಿ ಒಂದು ರಿಂಗ್ ಕೇಳಿಸಿ ಕಟ್ ಆಗುತ್ತದೆ, ಇಲ್ಲವೇ ಬಿಜಿ ಅಂತ ಬರುತ್ತದೆ. ದಿನವಿಡೀ ಬಿಜಿ ಅಂತಲೇ ಬಂದರೆ ಅವರಿಗೂ ಅನುಮಾನ ಬರುತ್ತದೆ, ಅದು ಬೇರೆ ವಿಷಯ.

ಪಟ್ಟಿ ಇರುವುದು ಫೋನಿನಲ್ಲಿ, ಸಿಮ್‌ನಲ್ಲಲ್ಲ. ಇದನ್ನು ಚೆನ್ನಾಗಿ ನೆನಪಿಡಬೇಕು. ಎರಡು ಸಿಮ್ ಹಾಕಿದ್ದರೆ ಒಂದೇ ಪಟ್ಟಿ ಎರಡಕ್ಕೂ ನಡೆಯುತ್ತದೆ. ಅದೇ ಸಿಮ್ ತೆಗೆದು ಮನೆಯಲ್ಲಿ ಬಿದ್ದಿರುವ ಹಳೇ ಕೀಪ್ಯಾಡ್ ಫೋನಿಗೆ ಹಾಕಿದರೆ, ಬ್ಲಾಕ್ ಮಾಡಿದವರ ಕಾಲ್‌ಗಳೆಲ್ಲ ಮತ್ತೆ ಶುರು. ಹೊಸ ಫೋನ್ ತಗೊಂಡಾಗಲೂ ಅಷ್ಟೇ. ಹಳೆಯದರ ಬ್ಯಾಕಪ್ ಇಳಿಸಿಕೊಂಡರೆ ಮಾತ್ರ ಪಟ್ಟಿ ಜೊತೆಗೆ ಬರುವ ಸಾಧ್ಯತೆ. ಹೊಸದಾಗಿ ಶುರು ಮಾಡಿದರೆ ಪಟ್ಟಿ ಖಾಲಿ.

ಆಂಡ್ರಾಯ್ಡ್‌ನಲ್ಲಿ 2016ರ ನೌಗಾಟ್ ಆವೃತ್ತಿಯಿಂದ ಈ ಪಟ್ಟಿ ಇಡೀ ಫೋನಿಗೆ ಒಂದೇ ಆಯಿತು. ಕಾಲ್ ಮಾಡುವ ಆಪ್ ಮತ್ತು ಎಸ್‌ಎಂಎಸ್ ಆಪ್ ಎರಡೂ ಅದನ್ನೇ ನೋಡುತ್ತವೆ. ಐಫೋನ್‌ಗೆ ಬ್ಲಾಕ್ ಸೌಲಭ್ಯ ಬಂದದ್ದು 2013ರಲ್ಲಿ. ಅಲ್ಲಿ ಒಬ್ಬರನ್ನು ಬ್ಲಾಕ್ ಮಾಡಿದರೆ ಫೋನ್, ಮೆಸೇಜ್, ಫೇಸ್‌ಟೈಮ್ ಮೂರಕ್ಕೂ ಸೇರಿ ಬಾಗಿಲು ಮುಚ್ಚುತ್ತದೆ.

ಎಸ್‌ಎಂಎಸ್ ವಿಷಯದಲ್ಲಿ ಒಂದು ವ್ಯತ್ಯಾಸ ಇದೆ. ಗೂಗಲ್ ಮೆಸೇಜಸ್ ಆಪ್‌ನಲ್ಲಿ ಬ್ಲಾಕ್ ಆದವರ ಮೆಸೇಜ್ ಕಳೆದುಹೋಗುವುದಿಲ್ಲ. 'ಸ್ಪ್ಯಾಮ್ ಅಂಡ್ ಬ್ಲಾಕ್ಡ್' ಅನ್ನೋ ಮೂಲೆಯ ಫೋಲ್ಡರ್‌ಗೆ ಹೋಗಿ ಬೀಳುತ್ತದೆ. ಒಟಿಪಿ ಬರುತ್ತಿಲ್ಲ ಅಂತ ಬ್ಯಾಂಕಿಗೆ ಅಲೆಯುವ ಮೊದಲು ಅಲ್ಲೊಮ್ಮೆ ಇಣುಕಿ. ಬ್ಯಾಂಕಿನ ಜಾಹೀರಾತು ಮೆಸೇಜ್‌ಗೆ ರೇಗಿ ಬ್ಲಾಕ್ ಒತ್ತಿರುತ್ತೇವೆ, ಅದೇ ಹೆಸರಿನಿಂದ ಬರುವ ಒಟಿಪಿಯೂ ಅಲ್ಲೇ ಕೂತಿರುತ್ತದೆ. ಐಫೋನ್‌ನಲ್ಲಿ ಹೀಗಿಲ್ಲ. ಬ್ಲಾಕ್ ಇದ್ದಾಗ ಕಳಿಸಿದ ಮೆಸೇಜ್, ಆಮೇಲೆ ಅನ್‌ಬ್ಲಾಕ್ ಮಾಡಿದರೂ ಸಿಗುವುದಿಲ್ಲ.

ಪಟ್ಟಿ ಹುಡುಕುವುದು, ಹೆಸರು ತೆಗೆಯುವುದು

ಆಂಡ್ರಾಯ್ಡ್ ಫೋನಿನಲ್ಲಿ ಕಾಲ್ ಮಾಡುವ ಆಪ್ ತೆರೆಯಿರಿ. ಮೇಲೆ ಮೂಲೆಯಲ್ಲಿ ಮೂರು ಚುಕ್ಕಿ ಇರುತ್ತದೆ. ಅದನ್ನು ಒತ್ತಿ ಸೆಟ್ಟಿಂಗ್ಸ್‌ಗೆ ಹೋದರೆ 'ಬ್ಲಾಕ್ಡ್ ನಂಬರ್ಸ್' ಅಥವಾ 'ಬ್ಲಾಕ್ ನಂಬರ್ಸ್' ಅಂತ ಸಿಗುತ್ತದೆ. ಫೋನನ್ನು ಕನ್ನಡದಲ್ಲಿ ಇಟ್ಟುಕೊಂಡಿದ್ದರೆ 'ನಿರ್ಬಂಧಿಸಿದ' ಅನ್ನುವ ಪದ ಇರುವ ಸಾಲನ್ನು ಹುಡುಕಿ. ಒಳಗೆ ಇಡೀ ಪಟ್ಟಿ. ನಂಬರ್ ಪಕ್ಕದ ಇಂಟು ಅಥವಾ ಮೈನಸ್ ಗುರುತು ಒತ್ತಿದರೆ ಅನ್‌ಬ್ಲಾಕ್. ಐಫೋನ್‌ನಲ್ಲಿ ಈ ಮೆನು ಆವೃತ್ತಿಯಿಂದ ಆವೃತ್ತಿಗೆ ಜಾಗ ಬದಲಿಸುತ್ತಿರುತ್ತದೆ. ದಾರಿ ನೆನಪಿಟ್ಟುಕೊಳ್ಳುವುದಕ್ಕಿಂತ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ 'ಬ್ಲಾಕ್ಡ್' ಅಂತ ಟೈಪ್ ಮಾಡುವುದೇ ಸುಲಭ.

ಹಿರಿಯರ ಫೋನ್‌ಗಳಲ್ಲಿ ಈ ಪಟ್ಟಿ ಒಮ್ಮೆ ತೆರೆದು ನೋಡಬೇಕು. ನಮ್ಮ ಚಿಕ್ಕಮ್ಮನ ಫೋನಿನಲ್ಲಿ ತೆರೆದಾಗ ಪರದೆ ತುಂಬಾ ಹೆಸರಿಲ್ಲದ ನಂಬರ್‌ಗಳು. ಜಾಸ್ತಿ 140ರಿಂದ ಶುರುವಾಗುವವು. ಅವುಗಳ ನಡುವೆ 'ಗ್ಯಾಸ್ ಮಂಜು'. ಸ್ವಲ್ಪ ಕೆಳಗೆ ಅವರ ಸ್ವಂತ ಅಕ್ಕ. "ನಾನ್ಯಾಕಪ್ಪಾ ಅಕ್ಕನ್ನ ಬ್ಲಾಕ್ ಮಾಡ್ಲಿ, ಮೊನ್ನೆಯಿಂದ ಫೋನೇ ಮಾಡಿಲ್ಲ ಅಂತ ನಾನೇ ಬೇಜಾರು ಮಾಡ್ಕೊಂಡಿದ್ದೆ" ಅಂದರು. ಅವರದ್ದೇನೂ ತಪ್ಪಿಲ್ಲ. ಹಲವು ಫೋನ್‌ಗಳಲ್ಲಿ, ಕಾಲರ್ ಐಡಿ ಆಪ್ ಇದ್ದರಂತೂ ಖಂಡಿತ, ಕಾಲ್ ಮುಗಿದ ತಕ್ಷಣ ಒಂದು ಸಣ್ಣ ಕಿಟಕಿ ತೆರೆದುಕೊಳ್ಳುತ್ತದೆ. ಮೆಸೇಜ್, ಸೇವ್, ಬ್ಲಾಕ್ ಎಲ್ಲಾ ಒಂದೇ ಸಾಲಿನಲ್ಲಿ. ಕಿವಿಯಿಂದ ಫೋನ್ ಇಳಿಸುವಾಗ ಹೆಬ್ಬೆರಳು ಎಲ್ಲಿ ತಾಗಿತು ಅಂತ ಯಾರು ನೋಡುತ್ತಾರೆ?

ಹೆಸರಿಗಲ್ಲ, ನಂಬರಿಗೆ

ಆಂಡ್ರಾಯ್ಡ್ ಬ್ಲಾಕ್ ಮಾಡುವುದು ವ್ಯಕ್ತಿಯನ್ನಲ್ಲ, ನಂಬರನ್ನು. ಒಬ್ಬರಿಗೆ ಎರಡು ನಂಬರ್ ಇದ್ದು, ಕಾಲ್ ಲಾಗ್‌ನಿಂದ ಒಂದನ್ನು ಬ್ಲಾಕ್ ಮಾಡಿದರೆ ಇನ್ನೊಂದರಿಂದ ಕಾಲ್ ಬರುತ್ತಲೇ ಇರುತ್ತದೆ.

ಕಾಂಟ್ಯಾಕ್ಟ್ ಡಿಲೀಟ್ ಮಾಡುವುದಕ್ಕೂ ಬ್ಲಾಕ್ ಮಾಡುವುದಕ್ಕೂ ಸಂಬಂಧ ಇಲ್ಲ. ಡಿಲೀಟ್ ಮಾಡಿದರೆ ಹೆಸರು ಹೋಗುತ್ತದೆ, ಕಾಲ್ ಬರುತ್ತದೆ. ಬ್ಲಾಕ್ ಮಾಡಿದರೆ ಹೆಸರು ಇರುತ್ತದೆ, ಕಾಲ್ ಬರುವುದಿಲ್ಲ. ಎರಡೂ ಮಾಡಿದರೆ ಪಟ್ಟಿಯಲ್ಲಿ ಬರೀ ಹತ್ತು ಅಂಕಿ ಉಳಿಯುತ್ತದೆ. ಅದು ಯಾರದ್ದು ಅಂತ ಮುಂದೆ ನಿಮಗೇ ನೆನಪಿರುವುದಿಲ್ಲ. ಅದಕ್ಕೇ ಗೊತ್ತಿರುವವರನ್ನು ಬ್ಲಾಕ್ ಮಾಡಿದರೆ ಹೆಸರು ಡಿಲೀಟ್ ಮಾಡದೆ ಬಿಡುವುದು ವಾಸಿ.

'ಅನ್‌ನೋನ್' ಅನ್ನೋ ಬಟನ್

ಬ್ಲಾಕ್ ಪಟ್ಟಿಯ ಮೇಲೆಯೇ ಒಂದು ಸ್ವಿಚ್ ಇರುತ್ತದೆ. 'ಅನ್‌ನೋನ್' ಅಂತಲೋ 'ಪ್ರೈವೇಟ್ ನಂಬರ್ಸ್' ಅಂತಲೋ ಬರೆದಿರುತ್ತದೆ. ಹೆಚ್ಚು ಗೊಂದಲ ಆಗುವುದು ಇಲ್ಲೇ, ಯಾಕೆಂದರೆ ಒಂದೊಂದು ಕಡೆ ಇದರ ಕೆಲಸ ಒಂದೊಂದು.

ಗೂಗಲ್ ಫೋನ್ ಆಪ್‌ನಲ್ಲಿ 'ಅನ್‌ನೋನ್' ಒತ್ತಿದರೆ, ನಂಬರೇ ಕಾಣಿಸದೆ ಬರುವ ಕಾಲ್ ಮಾತ್ರ ನಿಲ್ಲುತ್ತದೆ. ನಮ್ಮ ಕಾಂಟ್ಯಾಕ್ಟ್‌ನಲ್ಲಿ ಇಲ್ಲದವರ ಕಾಲ್ ಎಂದಿನಂತೆ ಬರುತ್ತದೆ. ಹಾಗಾಗಿ ಇದನ್ನು ಆನ್ ಮಾಡಿ "ಆದರೂ ಲೋನ್ ಕಾಲ್ ಬರ್ತಿದೆ" ಅಂದರೆ ಫೋನ್ ಕೆಟ್ಟಿದೆ ಅಂತಲ್ಲ. ಇನ್ನೊಂದು ಕಡೆ, ವಿದೇಶದಿಂದ ಬರುವ ಕೆಲವು ಕಾಲ್‌ಗಳು ನಂಬರ್ ಇಲ್ಲದೆ ಬರುತ್ತವೆ. ದುಬೈನಲ್ಲಿ ವಾಟ್ಸಾಪ್ ಕಾಲ್‌ಗೆ ನಿರ್ಬಂಧ ಇದೆ, ಅಲ್ಲಿರುವ ಮಕ್ಕಳು ಬೇರೆ ದಾರಿಯಲ್ಲಿ ಮನೆಗೆ ಫೋನ್ ಮಾಡುತ್ತಾರೆ. ಈ ಸ್ವಿಚ್ ಆನ್ ಇದ್ದರೆ ಅಂಥ ಕಾಲ್ ಕೂಡ ತಪ್ಪಿಹೋಗಬಹುದು.

ಐಫೋನ್‌ನಲ್ಲಿ 2019ರಿಂದ ಇರುವ 'ಸೈಲೆನ್ಸ್ ಅನ್‌ನೋನ್ ಕಾಲರ್ಸ್' ಬೇರೆಯೇ. ಅದು ಕಾಂಟ್ಯಾಕ್ಟ್‌ನಲ್ಲಿ ಇಲ್ಲದ, ನಾವು ಹಿಂದೆ ಯಾವತ್ತೂ ಫೋನ್ ಮಾಡಿರದ ನಂಬರ್‌ಗಳನ್ನೆಲ್ಲ ಸದ್ದಿಲ್ಲದಂತೆ ಮಾಡುತ್ತದೆ. ಕಾಲ್ ಬಂದದ್ದು ಪಟ್ಟಿಯಲ್ಲಿ ಕಾಣುತ್ತದೆ, ರಿಂಗ್ ಮಾತ್ರ ಆಗುವುದಿಲ್ಲ. ಕೇಳಲು ಚೆಂದ. ಆದರೆ ನಮ್ಮ ಊರಿನ ಬದುಕು ನಡೆಯುವುದೇ ಗೊತ್ತಿಲ್ಲದ ನಂಬರ್‌ಗಳ ಮೇಲೆ. ಸಿಲಿಂಡರ್ ತರುವವನು, ಆಟೋ ಡ್ರೈವರ್, ಲೈನ್‌ಮನ್, ಆಸ್ಪತ್ರೆಯ ರಿಸೆಪ್ಷನ್, ಸ್ಕೂಲ್ ವ್ಯಾನಿನವರು, ಯಾರ ನಂಬರೂ ನಮ್ಮಲ್ಲಿ ಸೇವ್ ಆಗಿರುವುದಿಲ್ಲ. ನನ್ನ ಪ್ರಕಾರ ಇದನ್ನು ರಾತ್ರಿ ಹೊತ್ತಿಗೋ ಮೀಟಿಂಗ್‌ಗೋ ಇಟ್ಟುಕೊಳ್ಳಬಹುದು, ಇಡೀ ದಿನಕ್ಕೆ ಬೇಡ.

ಅಂದಹಾಗೆ, ಆಂಡ್ರಾಯ್ಡ್‌ನಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ನೀವು 112ರಂಥ ತುರ್ತು ನಂಬರಿಗೆ ಫೋನ್ ಮಾಡಿದರೆ, ಬ್ಲಾಕ್ ವ್ಯವಸ್ಥೆ ಸ್ವಲ್ಪ ಕಾಲ ತಾನಾಗಿಯೇ ನಿಲ್ಲುತ್ತದೆ. ಪೊಲೀಸರೋ ಆಂಬ್ಯುಲೆನ್ಸ್‌ನವರೋ ಯಾವ ನಂಬರಿನಿಂದ ವಾಪಸ್ ಮಾಡಿದರೂ ನಿಮಗೆ ಸಿಗಲಿ ಅಂತ.

ವಾಟ್ಸಾಪ್ ಲೆಕ್ಕವೇ ಬೇರೆ

ಫೋನಿನಲ್ಲಿ ಬ್ಲಾಕ್ ಮಾಡಿದವರು ವಾಟ್ಸಾಪ್‌ನಲ್ಲಿ ಆರಾಮಾಗಿ ಗುಡ್ ಮಾರ್ನಿಂಗ್ ಕಳಿಸಬಹುದು. ಅಲ್ಲಿ ಪ್ರತ್ಯೇಕವಾಗಿ ಬ್ಲಾಕ್ ಮಾಡಬೇಕು. ಪಟ್ಟಿ ಇರುವುದು ಸೆಟ್ಟಿಂಗ್ಸ್, ಪ್ರೈವಸಿ, 'ಬ್ಲಾಕ್ಡ್ ಕಾಂಟ್ಯಾಕ್ಟ್ಸ್' ಒಳಗೆ.

ವಾಟ್ಸಾಪ್‌ನಲ್ಲಿ ಬ್ಲಾಕ್ ಆದವರಿಗೆ ಅವರು ಕಳಿಸಿದ ಮೆಸೇಜ್ ಮೇಲೆ ಒಂದೇ ಟಿಕ್ ಕಾಣುತ್ತದೆ, ಎರಡನೆಯದು ಬರುವುದೇ ಇಲ್ಲ. ನಿಮ್ಮ ಲಾಸ್ಟ್ ಸೀನ್, ಹೊಸ ಸ್ಟೇಟಸ್, ಬದಲಾದ ಫೋಟೋ ಅವರಿಗೆ ಕಾಣುವುದಿಲ್ಲ. ಅನ್‌ಬ್ಲಾಕ್ ಮಾಡಿದ ಮೇಲೆ ಹಳೇ ಮೆಸೇಜ್‌ಗಳು ರಾಶಿಯಾಗಿ ಬಂದು ಬೀಳುವುದಿಲ್ಲ, ಆ ನಡುವೆ ಕಳಿಸಿದ್ದೆಲ್ಲ ಹೋಯಿತು. ಆದರೆ ಇಬ್ಬರೂ ಇರುವ ಗ್ರೂಪ್‌ಗಳಲ್ಲಿ ಬ್ಲಾಕ್ ನಡೆಯುವುದಿಲ್ಲ. ಅಲ್ಲಿ ಅವರು ಬರೆದದ್ದು ನಿಮಗೆ, ನೀವು ಬರೆದದ್ದು ಅವರಿಗೆ ಕಾಣುತ್ತದೆ. ಮದುವೆ ಮನೆಯ ಗ್ರೂಪ್‌ನಲ್ಲಿ ಮುಜುಗರ ಆಗುವುದು ಹೀಗೇ.

ಬ್ಲಾಕ್ ಒತ್ತುವಾಗ 'ರಿಪೋರ್ಟ್' ಅಂತಲೂ ಕೇಳುತ್ತದೆ. ಅದನ್ನು ಆರಿಸಿದರೆ ಆ ವ್ಯಕ್ತಿ ನಿಮಗೆ ಕಳಿಸಿದ ಕೊನೆಯ 5 ಮೆಸೇಜ್‌ಗಳು ವಾಟ್ಸಾಪ್ ಕಂಪನಿಗೆ ಹೋಗುತ್ತವೆ. ಮೋಸದ ಮೆಸೇಜ್ ಆಗಿದ್ದರೆ ಕಳಿಸುವುದೇ ಒಳ್ಳೆಯದು. ಬರೀ ಸಂಬಂಧಿಕರ ಮೇಲಿನ ಮುನಿಸಾದರೆ ಬ್ಲಾಕ್ ಸಾಕು.

ಗೊತ್ತಿಲ್ಲದ ವಿದೇಶಿ ನಂಬರ್‌ಗಳಿಂದ, ಮುಖ್ಯವಾಗಿ +92ರಿಂದ ಶುರುವಾಗುವವುಗಳಿಂದ, ಸರ್ಕಾರಿ ಅಧಿಕಾರಿಗಳಂತೆ ನಟಿಸಿ ವಾಟ್ಸಾಪ್ ಕಾಲ್ ಬರುತ್ತಿವೆ ಅಂತ ಕೇಂದ್ರದ ದೂರಸಂಪರ್ಕ ಇಲಾಖೆ 2024ರ ಮಾರ್ಚ್‌ನಲ್ಲೇ ಎಚ್ಚರಿಸಿತ್ತು. ಇದಕ್ಕೆ ಒಂದೊಂದೇ ನಂಬರ್ ಬ್ಲಾಕ್ ಮಾಡುತ್ತಾ ಕೂರಬೇಕಿಲ್ಲ. ಪ್ರೈವಸಿಯೊಳಗೆ 'ಕಾಲ್ಸ್' ಅಂತ ಇದೆ, ಅಲ್ಲಿ ಗೊತ್ತಿಲ್ಲದವರ ಕಾಲ್ ಸೈಲೆಂಟ್ ಮಾಡುವ ಸ್ವಿಚ್ 2023ರಿಂದ ಇದೆ. ಫೋನಿನಲ್ಲಿ ಬೇಡ ಅಂದ ಸ್ವಿಚ್ ಇಲ್ಲಿ ಧಾರಾಳವಾಗಿ ಆನ್ ಮಾಡಿ. ಸಿಲಿಂಡರ್‌ನವರು ಸಾಮಾನ್ಯವಾಗಿ ವಾಟ್ಸಾಪ್ ಕಾಲ್ ಮಾಡುವುದಿಲ್ಲ.

ಟ್ರೂಕಾಲರ್ ಥರದ ಆಪ್‌ಗಳ ಬಗ್ಗೆ ಒಂದೇ ಮಾತು. ಫೋನಿನ ಪಟ್ಟಿಯಲ್ಲಿ ಹೆಸರಿಲ್ಲ, ಆದರೂ ಕಾಲ್ ಬರುತ್ತಿಲ್ಲ ಅಂದರೆ ಆ ಆಪ್‌ನೊಳಗಿನ ಬ್ಲಾಕ್ ಸೆಟ್ಟಿಂಗ್ ನೋಡಿ. ಕಾಂಟ್ಯಾಕ್ಟ್‌ನಲ್ಲಿ ಇಲ್ಲದವರನ್ನೆಲ್ಲ, ವಿದೇಶದ ನಂಬರ್‌ಗಳನ್ನೆಲ್ಲ ಒಂದೇ ಸಲಕ್ಕೆ ತಡೆಯುವ ಸ್ವಿಚ್‌ಗಳು ಅಲ್ಲಿರುತ್ತವೆ.

ಮಾರಾಟದ ಕಾಲ್‌ಗೆ ಮದ್ದು ಫೋನಿನಲ್ಲಿಲ್ಲ

ಲೋನ್, ಇನ್ಶೂರೆನ್ಸ್, ಸೈಟ್ ಮಾರುವವರು ಒಂದು ನಂಬರ್ ಬ್ಲಾಕ್ ಆದರೆ ಇನ್ನೊಂದರಿಂದ ಮಾಡುತ್ತಾರೆ. ಅವರ ಹತ್ತಿರ ನಂಬರ್‌ಗಳಿಗೆ ಬರವಿಲ್ಲ. ಇವನ್ನು ಒಂದೊಂದಾಗಿ ಬ್ಲಾಕ್ ಮಾಡುವುದು ಸುಮ್ನೆ ಟೈಮ್ ವೇಸ್ಟ್. ಇಲ್ಲಿ ಬೇಕಾದದ್ದು ಡಿಎನ್‌ಡಿ. ಫೋನಿನಲ್ಲಿ ಅರ್ಧ ಚಂದ್ರನ ಗುರುತಿನ, ಅಥವಾ ಅಡ್ಡಗೆರೆಯ ಗುರುತಿನ 'ಡು ನಾಟ್ ಡಿಸ್ಟರ್ಬ್' ಇರುತ್ತದಲ್ಲ, ಅದಲ್ಲ. ಅದು ಫೋನಿನ ಸದ್ದು ನಿಲ್ಲಿಸುತ್ತದೆ ಅಷ್ಟೇ. ಈ ಡಿಎನ್‌ಡಿ ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ಸಿಮ್ ಕಂಪನಿಯ ಹತ್ತಿರ ದಾಖಲಾಗುವಂಥದ್ದು. ಈಗ ನಡೆಯುತ್ತಿರುವುದು 2018ರ ನಿಯಮ, 2025ರ ಫೆಬ್ರವರಿಯಲ್ಲಿ ಅದನ್ನು ಬಿಗಿ ಮಾಡಿದ್ದಾರೆ.

ದಾಖಲಿಸುವುದು ಸುಲಭ. 1909ಕ್ಕೆ ಫೋನ್ ಮಾಡಬಹುದು. ಇಲ್ಲವೇ ಇಂಗ್ಲಿಷ್ ಅಕ್ಷರಗಳಲ್ಲಿ 'ಸ್ಟಾರ್ಟ್' ಅಂತ ಟೈಪ್ ಮಾಡಿ, ಜಾಗ ಬಿಟ್ಟು, ಸೊನ್ನೆ ಹಾಕಿ 1909ಕ್ಕೆ ಎಸ್‌ಎಂಎಸ್ ಮಾಡಿದರೆ ಎಲ್ಲ ಬಗೆಯ ಮಾರಾಟದ ಕಾಲ್ ಮತ್ತು ಮೆಸೇಜ್ ಬೇಡ ಅಂತ ಹೇಳಿದ ಹಾಗೆ. ಸೊನ್ನೆ ಬದಲು 2 ಹಾಕಿದರೆ ಬರೀ ರಿಯಲ್ ಎಸ್ಟೇಟ್ ಬೇಡ, 3 ಹಾಕಿದರೆ ಬರೀ ಶಿಕ್ಷಣದ ಜಾಹೀರಾತು ಬೇಡ, ಹೀಗೆ. ಬ್ಯಾಂಕಿನ ಒಟಿಪಿ, ಹಣ ಕಡಿತವಾದ ಮೆಸೇಜ್ ಇದರಿಂದ ನಿಲ್ಲುವುದಿಲ್ಲ, ಹೆದರಬೇಡಿ.

ಯಾವುದು ಮಾರಾಟ, ಯಾವುದು ಕೆಲಸದ್ದು ಅಂತ ಗುರುತಿಸಲು ನಂಬರೇ ಸುಳಿವು ಕೊಡುತ್ತದೆ. 140ರಿಂದ ಶುರುವಾದರೆ ಜಾಹೀರಾತಿನ ಕಾಲ್. 1600ರಿಂದ ಶುರುವಾಗುವ ಸರಣಿಯನ್ನು ಸರ್ಕಾರಿ ಸಂಸ್ಥೆಗಳು ಮತ್ತು ಬ್ಯಾಂಕ್, ಇನ್ಶೂರೆನ್ಸ್‌ನಂಥ ಹಣಕಾಸು ಸಂಸ್ಥೆಗಳ ಸೇವೆಯ ಕಾಲ್‌ಗಳಿಗೆ ಅಂತ ಮೀಸಲಿಟ್ಟಿದ್ದಾರೆ. ಅದನ್ನು ರೇಗಿ ಬ್ಲಾಕ್ ಮಾಡಬೇಡಿ. ಹಾಗಂತ 1600 ಅಂತ ನಂಬಿ ಒಟಿಪಿ ಹೇಳಲೂಬೇಡಿ. ಎಸ್‌ಎಂಎಸ್‌ನಲ್ಲಿ ಕಳಿಸಿದವರ ಹೆಸರಿನ ಕೊನೆಗೆ ಒಂದು ಅಡ್ಡಗೆರೆ, ಒಂದು ಇಂಗ್ಲಿಷ್ ಅಕ್ಷರ ಈಗ ಕಾಣಿಸುತ್ತಿದೆಯಲ್ವಾ? 'ಪಿ' ಇದ್ದರೆ ಪ್ರಚಾರ, 'ಎಸ್' ಸೇವೆ, 'ಟಿ' ವಹಿವಾಟು, 'ಜಿ' ಸರ್ಕಾರ.

ಇನ್ನು ಸಾಧಾರಣ ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಮಾರಾಟದ ಕಾಲ್ ಬಂದರೆ ಅದು ನಿಯಮಕ್ಕೆ ವಿರುದ್ಧ. ಬ್ಲಾಕ್ ಮಾಡಿ ಸುಮ್ಮನಾಗುವ ಬದಲು ದೂರು ಕೊಡಿ. ಹಿಂದೆ 3 ದಿನದೊಳಗೆ ಕೊಡಬೇಕಿತ್ತು, ಈಗ 7 ದಿನ ಇದೆ. ಡಿಎನ್‌ಡಿ ದಾಖಲಿಸಿರದಿದ್ದರೂ ಇಂಥವರ ಮೇಲೆ ದೂರು ಕೊಡಬಹುದು. ಸಿಮ್ ಕಂಪನಿ ಕ್ರಮ ತಗೊಳ್ಳಲು ಇದ್ದ 30 ದಿನದ ಗಡುವು 5 ದಿನಕ್ಕೆ ಇಳಿದಿದೆ. ತಪ್ಪು ಸಾಬೀತಾದರೆ ಮೊದಲ ಸಲ 15 ದಿನ ಹೊರಹೋಗುವ ಕಾಲ್ ಬಂದ್, ಮತ್ತೆ ಮಾಡಿದರೆ ಅವರ ಎಲ್ಲ ಸಂಪರ್ಕ ಒಂದು ವರ್ಷ ಕಟ್. 1909ರಲ್ಲೋ, ಟ್ರಾಯ್‌ನ ಡಿಎನ್‌ಡಿ ಆಪ್‌ನಲ್ಲೋ ದೂರು ದಾಖಲಿಸಬಹುದು. ನಂಬರ್, ತಾರೀಖು, ಏನು ಹೇಳಿದರು ಅಂತ ಒಂದು ಸಾಲು ಸಾಕು.

ಬ್ಲಾಕ್ ಮಾಡುವಾಗ ಫೋನ್ ಕೇಳುವ 'ರಿಪೋರ್ಟ್ ಸ್ಪ್ಯಾಮ್' ಟಿಕ್ ಟ್ರಾಯ್‌ಗೆ ಹೋಗುವುದಿಲ್ಲ. ಅದು ಗೂಗಲ್‌ಗೋ ಆಪ್ ಕಂಪನಿಗೋ ಹೋಗುತ್ತದೆ. ಬೇರೆಯವರಿಗೆ ಆ ನಂಬರಿನಿಂದ ಕಾಲ್ ಬಂದಾಗ ಕೆಂಪು ಬಣ್ಣದಲ್ಲಿ ಎಚ್ಚರಿಕೆ ತೋರಿಸಲು ಉಪಯೋಗ ಆಗಬಹುದು, ಕಾನೂನಿನ ದೂರು ಮಾತ್ರ ಅಲ್ಲ.

ಕಾಟ ಕೊಡುವವರನ್ನು ಬ್ಲಾಕ್ ಮಾಡುವ ಮೊದಲು

ಯಾರೋ ಹೆದರಿಸುತ್ತಿದ್ದಾರೆ, ಅಸಹ್ಯವಾಗಿ ಮಾತಾಡುತ್ತಿದ್ದಾರೆ, ಅಥವಾ ಪೊಲೀಸ್ ವೇಷದಲ್ಲಿ ವಿಡಿಯೋ ಕಾಲ್ ಮಾಡಿ 'ಡಿಜಿಟಲ್ ಅರೆಸ್ಟ್' ಅನ್ನುತ್ತಿದ್ದಾರೆ ಅಂದರೆ, ಮೊದಲು ಕಾಲ್ ಕಟ್ ಮಾಡಿ. ಆಮೇಲೆ ಬ್ಲಾಕ್ ಒತ್ತುವ ಮುಂಚೆ ಕಾಲ್ ಲಾಗ್‌ನ, ಮೆಸೇಜ್‌ನ, ಪ್ರೊಫೈಲ್ ಫೋಟೋದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಂಬರ್ ಪೂರ್ತಿ ಕಾಣಬೇಕು, ದಿನ, ಸಮಯ ಕಾಣಬೇಕು. ಚಾಟ್ ಡಿಲೀಟ್ ಮಾಡಿದರೆ ಆಮೇಲೆ ತೋರಿಸಲು ಏನೂ ಇರುವುದಿಲ್ಲ.

ಮೋಸದ ಪ್ರಯತ್ನ ಅಂತ ಅನ್ನಿಸಿದರೆ, ಹಣ ಹೋಗಿಲ್ಲದಿದ್ದರೆ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ 'ಚಕ್ಷು' ವಿಭಾಗದಲ್ಲಿ ತಿಳಿಸಬಹುದು. ಹಣ ಹೋಗಿದ್ದರೆ ಅಲ್ಲಿ ಟೈಮ್ ಕಳೆಯಬೇಡಿ, ನೇರವಾಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ, ದಾರಿಯಲ್ಲಿರುವ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ. ಈಗಲೇ ಅಪಾಯ ಇದೆ ಅಂದರೆ 112.

ಹಳೇ ನಂಬರ್, ಹೊಸ ಮಾಲೀಕರು

ಬ್ಲಾಕ್ ಪಟ್ಟಿಗೆ ಮುಕ್ತಾಯದ ದಿನಾಂಕ ಇಲ್ಲ. ಒಮ್ಮೆ ಹಾಕಿದ ನಂಬರ್ ನೀವೇ ತೆಗೆಯುವ ತನಕ ಅಲ್ಲೇ ಇರುತ್ತದೆ. ಆದರೆ ನಂಬರ್‌ಗಳು ಕೈ ಬದಲಿಸುತ್ತವೆ. ಬಳಕೆ ನಿಂತು ರದ್ದಾದ ನಂಬರನ್ನು ಕನಿಷ್ಠ 90 ದಿನ ಹಾಗೇ ಬಿಟ್ಟು, ಆಮೇಲೆ ಬೇರೆ ಗ್ರಾಹಕರಿಗೆ ಕೊಡುತ್ತಾರೆ. ಈ ವಿಷಯ 2023ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ನೀವು ಯಾವತ್ತೋ ಬ್ಲಾಕ್ ಮಾಡಿದ ಲೋನ್ ಏಜೆಂಟ್‌ನ ನಂಬರ್ ಇವತ್ತು ನಿಮ್ಮ ಮಗಳ ಟ್ಯೂಷನ್ ಮಿಸ್ ಹತ್ತಿರ ಇರಬಹುದು. ಅದಕ್ಕೇ ವರ್ಷಕ್ಕೊಮ್ಮೆ ಪಟ್ಟಿ ತೆರೆದು, ಹೆಸರಿಲ್ಲದ ಹಳೇ ನಂಬರ್‌ಗಳನ್ನು ತೆಗೆದುಹಾಕುವುದರಲ್ಲಿ ನಷ್ಟವೇನಿಲ್ಲ. ಕಾಟ ಮತ್ತೆ ಶುರುವಾದರೆ ಮತ್ತೆ ಹಾಕಿದರಾಯಿತು.

ಇದರ ಇನ್ನೊಂದು ಮುಖವೂ ಇದೆ. ಹೊಸ ಸಿಮ್ ತಗೊಂಡಿದ್ದೀರಿ, ಒಬ್ಬಿಬ್ಬರಿಗೆ ಮಾತ್ರ ಎಷ್ಟು ಮಾಡಿದರೂ ಕಾಲ್ ಹೋಗುತ್ತಿಲ್ಲ, ಬೇರೆಯವರಿಗೆಲ್ಲ ಸರಿಯಾಗಿ ಹೋಗುತ್ತಿದೆ. ಆಗ ನೆಟ್‌ವರ್ಕ್ ಬೈಯುವ ಮೊದಲು, ಈ ನಂಬರಿನ ಹಿಂದಿನ ಮಾಲೀಕ ಅವರಿಗೆ ಏನು ತೊಂದರೆ ಕೊಟ್ಟಿದ್ದನೋ ಅಂತ ಯೋಚಿಸಿ. ಇನ್ನೊಬ್ಬರ ಫೋನಿನಿಂದ ಅವರಿಗೆ ಕಾಲ್ ಮಾಡಿ, ಬ್ಲಾಕ್ ಪಟ್ಟಿಯಲ್ಲಿ ನಿಮ್ಮ ನಂಬರಿನ ಕೊನೆಯ ನಾಲ್ಕು ಅಂಕಿ ಇದೆಯಾ ಅಂತ ನೋಡೋಕೆ ಹೇಳಿ. ಫೋನಿನ ಪಟ್ಟಿಯಲ್ಲಿ ಸಿಗದಿದ್ದರೆ ಅವರ ಟ್ರೂಕಾಲರ್‌ನಲ್ಲೂ ನೋಡಲಿ.